ಗಿರಗಿರ ಜ್ವರಕ್ಕೆ ಸೀಟಿಯಣ್ಣನ ಮಾತ್ರೆ

ಕರವಸ್ತ್ರ ಎಳೆಯಲು ಹೋಗಿ ಸೀಟಿಯಣ್ಣ ಜೇಬಿನಲ್ಲಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಬೀಳಿಸಿಕೊಂಡ. ಬೇರೆಲ್ಲಾದರೂ ಬಿದ್ದಿದ್ದರೆ ಬಗ್ಗಿ ಎತ್ತಿಕೊಂಡು ಸುಮ್ಮನಾಗಬಹುದಿತ್ತು. ಅದು ಬಿದ್ದದ್ದು ಬಸ್ ಡಿಪೋದ ಕ್ಯಾಂಟೀನಿನಲ್ಲಿ, ನೌಕರರ ಸಂಘದ ಲೀಡರನ ಬೂಟಿನ ಮೇಲೆ.

ಸೀಟಿಯಣ್ಣ ಕಂಡಕ್ಟರು. ಅವನು ಸೀಟಿ ಊದಿದರೆ ಪಕ್ಕದ ಬೀದಿಯಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು. ಹೆಸರು ಬಂದದ್ದು ಹಾಗೆ. ಜಗಳಗಂಟ ಪ್ರಯಾಣಿಕರನ್ನು ಒಂದೇ ಮಾತಿಗೆ ತಣ್ಣಗಾಗಿಸುವ, ಕಿಕ್ಕಿರಿದ ಬಸ್ಸಿನಲ್ಲಿ ಎಣ್ಣೆ ಹಚ್ಚಿಕೊಂಡವನಂತೆ ನುಸುಳುವ ಆಸಾಮಿ. ಆದರೆ ಅವನಿಗೊಂದು ಗುಟ್ಟಿತ್ತು. ಬಸ್ಸು ಹೊರಟಿತೆಂದರೆ ಹೊಟ್ಟೆ ತೊಳಸುತ್ತಿತ್ತು. ಬೆಳಗ್ಗೆ ಒಂದು ಮಾತ್ರೆ ನುಂಗದೆ ಹತ್ತಿದರೆ ಎರಡನೇ ಸ್ಟಾಪು ಬರುವುದರೊಳಗೆ ಕಿಟಕಿ ಹುಡುಕಬೇಕಿತ್ತು. ಈ ಸಂಗತಿ ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ.

ಲೀಡರ್ ಸ್ಟ್ರಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದ. "ಏನಿದು ಸೀಟಿಯಣ್ಣ? ಯಾವುದಕ್ಕೆ ಈ ಮಾತ್ರೆ?"

ಕ್ಯಾಂಟೀನಿನ ಕಿವಿಗಳೆಲ್ಲ ಇತ್ತ ತಿರುಗಿದವು. ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದು ಕಂಡಕ್ಟರ್ ಹೇಳುವುದೆಂದರೆ ಈಜು ಕಲಿಸುವವನು ನೀರು ಕಂಡರೆ ಭಯ ಎಂದ ಹಾಗೆ. ನಾಳೆಯಿಂದ ಹಿಂದಿನ ಸೀಟಿನ ಶಾಲೆ ಮಕ್ಕಳೂ ನಗುತ್ತಾರೆ. ಆ ಹೊತ್ತಿಗೆ ಬಾಯಿಗೆ ಸಿಕ್ಕ ಮಾತನ್ನು ಸೀಟಿಯಣ್ಣ ಹೊರಗೆ ಬಿಟ್ಟ.

"ಇದಾ? ಇದು... ಗಿರಗಿರ ಜ್ವರ ಬರದೇ ಇರಲಿ ಅಂತ."

ಗಿರಗಿರ ಜ್ವರವೆಂಬುದು ಊರಿಗೆ ಹೊಸದಾಗಿ ಕಾಲಿಟ್ಟ ವೈರಸ್ ಕಾಯಿಲೆ. ಡಾಕ್ಟರುಗಳು ಅದಕ್ಕೆ ನಾಲಗೆ ಹೊರಳದಂಥ ಹೆಸರಿಟ್ಟಿದ್ದರು. ಮೈ ಕೆಂಡವಾಗಿ, ತಲೆ ಬುಗುರಿಯಂತೆ ತಿರುಗಿ, ವಾಂತಿಯಾಗುತ್ತಿದ್ದುದರಿಂದ ಜನ ತಮಗೆ ಬೇಕಾದ ಹೆಸರಿಟ್ಟುಕೊಂಡಿದ್ದರು. ಡಿಪೋದ ಅರ್ಧ ಜನ ಮಲಗಿ ಎದ್ದಿದ್ದರು, ಇನ್ನರ್ಧ ಯಾವಾಗ ಮಲಗುತ್ತೇವೋ ಎಂದು ಕಾಯುತ್ತಿದ್ದರು. ಸೀಟಿಯಣ್ಣ ಮಾತ್ರ ಒಮ್ಮೆ ಸೀನಿದವನೂ ಅಲ್ಲ.

"ಅಯ್ಯೋ ಕಳ್ಳ!" ಎಂದು ಎದ್ದು ನಿಂತವನು ಬ್ರೇಕು. ಅವನು ಸೀಟಿಯಣ್ಣನ ಬಸ್ಸಿನ ಡ್ರೈವರ್. ಬ್ರೇಕನ್ನು ಬಳಸುವುದೇ ಅಪರೂಪವಾದ್ದರಿಂದ ಆ ಅಡ್ಡಹೆಸರು. "ದಿನಾ ಒಂದೇ ಬಸ್ಸಲ್ಲಿ ಒದ್ದಾಡ್ತೀವಿ. ನಾನು ಹಾಸಿಗೆ ಹಿಡಿದು ಎದ್ದೆ. ಒಂದು ಮಾತು ಹೇಳಬಾರದಿತ್ತಾ ಅಣ್ಣಾ?"

"ಗ್ಯಾರಂಟಿ ಇರಲಿಲ್ಲ ಕಣೋ. ಈಗ ಆಯ್ತು" ಎಂದುಬಿಟ್ಟ ಸೀಟಿಯಣ್ಣ. ಅವನ ಸುಳ್ಳಿಗೂ ಅವನ ಸೀಟಿಯಷ್ಟೇ ದಮ್ಮಿತ್ತು.

ಸ್ಟ್ರಿಪ್ಪು ಕೈಯಿಂದ ಕೈಗೆ ಹೋಗಿ ಖಾಲಿಯಾಯಿತು. ಲೀಡರ್ ಎಲ್ಲರಿಗೂ ಕೇಳುವಂತೆ ಮೆಡಿಕಲ್ ಶಾಪಿಗೆ ಫೋನ್ ಹಚ್ಚಿದ. "ಅದು ಹಳೇ ಮಾತ್ರೆ ಸಾರ್. ಪ್ರಯಾಣದಲ್ಲಿ ತಲೆ ತಿರುಗಿ ವಾಂತಿ ಆಗೋರಿಗೆ ಕೊಡ್ತೀವಿ" ಎಂದಿತು ಆ ಕಡೆಯ ದನಿ.

ಗುಟ್ಟು ಬಯಲಾಯಿತೆಂದು ಸೀಟಿಯಣ್ಣ ಮೆಲ್ಲಗೆ ಹಿಂದೆ ಸರಿದ. ಆದರೆ ಲೀಡರನ ಮುಖ ಅರಳಿತು.

"ಕೇಳಿದ್ರಾ? ನಮ್ಮ ಸೀಟಿಯಣ್ಣ ಬಸ್ಸಲ್ಲೇ ಹುಟ್ಟಿದೋನ ಥರ ಓಡಾಡ್ತಾನೆ, ಅವನಿಗ್ಯಾಕೆ ವಾಂತಿ ಮಾತ್ರೆ? ಅಂದ್ರೆ ಜ್ವರಕ್ಕೇ ತಗೊಂಡಿದ್ದಾನೆ. ಗಿರಗಿರ ಜ್ವರದಲ್ಲಿ ಏನಾಗುತ್ತೆ? ತಲೆ ತಿರುಗುತ್ತೆ, ವಾಂತಿ ಆಗುತ್ತೆ. ಮಾತ್ರೆ ಎರಡನ್ನೂ ನಿಲ್ಲಿಸುತ್ತೆ. ಇನ್ನೇನು ಉಳೀತು?"

"ಜ್ವರ ಉಳೀತು."

ಎಲ್ಲರೂ ಬಾಗಿಲ ಕಡೆ ನೋಡಿದರು. ಡಿಪೋದ ಚಿಕಿತ್ಸಾಲಯದ ಡಾಕ್ಟರಮ್ಮ ಟೀ ಲೋಟ ಹಿಡಿದು ನಿಂತಿದ್ದರು. ವಯಸ್ಸು ಚಿಕ್ಕದು, ದನಿ ಗಟ್ಟಿ.

"ನೋಡಿ, ಈ ಮಾತ್ರೆ ತಲೆಸುತ್ತು ಕಡಿಮೆ ಮಾಡುತ್ತೆ, ಸರಿ. ವೈರಸ್ಸಿಗೆ ಏನಾದ್ರೂ ಮಾಡುತ್ತೆ ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಒಬ್ಬರು ನುಂಗಿದ್ರು, ಅವರಿಗೆ ಜ್ವರ ಬರ್ಲಿಲ್ಲ ಅಂದ್ರೆ ಸಾಕಾ? ಸೀಟಿಯಣ್ಣ ದಿನವಿಡೀ ಸೀಟಿನೂ ಊದ್ತಾರೆ. ಜ್ವರ ಬರದೇ ಇದ್ದದ್ದು ಸೀಟಿಯಿಂದ ಅಂತ ಯಾಕೆ ಹೇಳಬಾರದು?"

ಡಾಕ್ಟರಮ್ಮ ಇದನ್ನು ಲೀಡರನ ಬಾಯಿ ಮುಚ್ಚಿಸಲು ಹೇಳಿದ್ದು. ಆದರೆ ಕ್ಯಾಂಟೀನು ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಹಿಂದಿನ ಬೆಂಚಿನ ಮೆಕ್ಯಾನಿಕ್ ಒಬ್ಬ ಮೆಲ್ಲಗೆ, "ಅದೂ ಇರಬಹುದು. ಊದಿದ್ರೆ ಶ್ವಾಸಕೋಶ ಕ್ಲೀನಾಗುತ್ತೆ" ಎಂದ. ಸ್ವಲ್ಪ ಹೊತ್ತಿನಲ್ಲಿ ಡಿಪೋದ ಮೂಲೆಮೂಲೆಯಿಂದ ಪೀಂ ಪೀಂ ಎಂದು ಸೀಟಿಗಳು ಕೇಳತೊಡಗಿದವು. ಅವನ್ನು ನಂಬಿ ಒಂದು ಬಸ್ಸು ಪ್ರಯಾಣಿಕರಿಲ್ಲದೆಯೇ ಹೊರಟುಹೋಯಿತು.

ಅಷ್ಟರಲ್ಲಿ ಸೀಟಿಯಣ್ಣನ ಫೋನು ಹೊಡೆದುಕೊಂಡಿತು. ಹೆಂಡತಿ.

"ಏನ್ರೀ, ಊರಿಗೆಲ್ಲ ಮದ್ದು ಹೇಳಿದ್ದೀರಂತೆ! ಎದುರುಮನೆಯವರ ಬಾಯಲ್ಲಿ ಕೇಳಿ ನನಗೆ ಗೊತ್ತಾಗ್ಬೇಕಾ? ನಾನು ಜ್ವರದಲ್ಲಿ ನರಳ್ತಿದ್ದಾಗ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ರಿ. ಜೇಬಲ್ಲಿ ಮಾತ್ರೆ ಇಟ್ಕೊಂಡು!"

"ಅದು ಹಾಗಲ್ಲ ಕಣೇ..."

"ಹಾಗಲ್ಲದಿದ್ರೆ ಹೇಗೆ? ಬರೋವಾಗ ಅಮ್ಮನಿಗೂ ಸೇರಿಸಿ ತನ್ನಿ. ತರದಿದ್ರೆ ಬರಬೇಡಿ."

ಸೀಟಿಯಣ್ಣ ಮೆಡಿಕಲ್ ಶಾಪಿಗೆ ಓಡಿದ. ಅಂಗಡಿಯ ಮುಂದೆ ಜಾತ್ರೆಯಂತೆ ಜನ. "ಸ್ಟಾಕ್ ಖಾಲಿ" ಎಂದ ಅಂಗಡಿಯವನು. ಆಮೇಲೆ ಗುರುತು ಹಿಡಿದು ಕೈ ಮುಗಿದ. "ನೀವೇ ಅಲ್ವಾ ಕಂಡುಹಿಡಿದೋರು? ಒಂದು ಫೋಟೋ ತಗೊಳ್ಳಲಾ ಸಾರ್?"

ಫೋಟೋ ತೆಗೆಸಿಕೊಂಡು ಬರಿಗೈಯಲ್ಲಿ ಡಿಪೋಗೆ ಮರಳಿದಾಗ ಅಲ್ಲಿನ ನೋಟವೇ ಬೇರೆಯಾಗಿತ್ತು. ಆ ಮಾತ್ರೆಗೊಂದು ಗುಣವಿತ್ತು: ಅಭ್ಯಾಸವಿಲ್ಲದವನು ನುಂಗಿದರೆ ನಿದ್ದೆ ಅಟ್ಟಿಸಿಕೊಂಡು ಬರುತ್ತಿತ್ತು. ಟೈರಿನ ಮೇಲೊಬ್ಬ, ಬೆಂಚಿನ ಕೆಳಗೊಬ್ಬ ಗೊರಕೆ ಹೊಡೆಯುತ್ತಿದ್ದರು. ಬಸ್ಸನ್ನು ಹಿಂದಕ್ಕೆ ತೆಗೆಯಹೋದವನೊಬ್ಬ ನೀರಿನ ತೊಟ್ಟಿಯನ್ನು ಗುದ್ದಿ, ಮುಖಕ್ಕೆ ನೀರು ಎರಚಿದ ಮೇಲೂ ಕಣ್ಣು ಬಿಟ್ಟಿರಲಿಲ್ಲ. ಲೀಡರ್ ಒಬ್ಬನೇ ಲವಲವಿಕೆಯಿಂದಿದ್ದ. ಅವನು ನುಂಗಿರಲಿಲ್ಲ, ಮೊದಲು ಜನ, ಆಮೇಲೆ ತಾನು ಎನ್ನುವುದು ಅವನ ತತ್ವ.

ಸೀಟಿಯಣ್ಣ ತನ್ನ ಬಸ್ಸಿನತ್ತ ಓಡಿದ. ಪ್ರಯಾಣಿಕರು ತುಂಬಿದ್ದರು, ತೊಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡವರಿದ್ದರು. ಎಂಜಿನ್ ಗುರ್ ಎನ್ನುತ್ತಿತ್ತು. ಬ್ರೇಕು ಸ್ಟೀರಿಂಗಿನ ಮೇಲೆ ಗಲ್ಲವಿಟ್ಟು ಮಗುವಿನಂತೆ ನಗುತ್ತ ಮಲಗಿದ್ದ.

"ಎಷ್ಟು ನುಂಗಿದ್ಯೋ?"

"ಎರಡೇ ಅಣ್ಣಾ... ಹೊರಡ್ಲಾ?" ಎಂದು ಕಣ್ಣು ಮುಚ್ಚಿಕೊಂಡೇ ಗೇರು ಹಾಕಿದ.

ಸೀಟಿಯಣ್ಣ ಕೈ ತೂರಿಸಿ ಕೀ ಕಿತ್ತುಕೊಂಡ. ಇಷ್ಟು ದಿನ ಕಾಪಾಡಿಕೊಂಡ ಮಾನ ದೊಡ್ಡದೋ, ಬಸ್ಸಿನಲ್ಲಿ ಕೂತ ಜೀವಗಳು ದೊಡ್ಡವೋ? ಅವನು ನೆಟ್ಟಗೆ ಮ್ಯಾನೇಜರರ ಕೋಣೆಯ ಮುಂದಿನ ಕಟ್ಟೆ ಹತ್ತಿ ಸೀಟಿ ಊದಿದ. ಮಲಗಿದ್ದವರೂ ಎದ್ದು ಕೂತರು.

"ಕೇಳ್ರಪ್ಪಾ! ನಾನು ಹೇಳಿದ್ದು ಸುಳ್ಳು. ನನಗೆ ಬಸ್ ಹತ್ತಿದ್ರೆ ವಾಂತಿ ಆಗುತ್ತೆ. ಕೆಲಸಕ್ಕೆ ಸೇರಿದ ದಿನದಿಂದ ಅದಕ್ಕೇ ನುಂಗ್ತಿದ್ದೀನಿ. ಜ್ವರಕ್ಕೂ ಈ ಮಾತ್ರೆಗೂ ಸಂಬಂಧ ಇಲ್ಲ. ನಿದ್ದೆಗಣ್ಣಲ್ಲಿ ಗಾಡಿ ಓಡಿಸ್ಬೇಡಿ!"

ಎದೆಯ ಮೇಲಿನ ಕಲ್ಲು ಇಳಿಯಿತು. ಈಗ ನಗುತ್ತಾರೆ, ನಗಲಿ ಎಂದು ಕಣ್ಣು ಮುಚ್ಚಿ ನಿಂತ. ಯಾರೂ ನಗಲಿಲ್ಲ.

"ಪಾಪ" ಎಂದ ಲೀಡರ್. "ಯಾರೋ ಹೆದರಿಸಿದ್ದಾರೆ ಇವನನ್ನ. ಕಂಡಕ್ಟರಿಗೆ ಬಸ್ಸಲ್ಲಿ ವಾಂತಿ ಅಂತೆ! ಮೀನಿಗೆ ನೀರು ಒಗ್ಗಲ್ಲ ಅಂದ್ರೆ ನಂಬಬಹುದು, ಇದನ್ನ ನಂಬೋಕಾಗುತ್ತಾ? ಸೀಟಿಯಣ್ಣಾ, ನಾವಿದ್ದೀವಿ, ಹೆದರಬೇಡ!"

"ಹೆದರಬೇಡ!" ಎಂದು ಡಿಪೋ ಆಕಳಿಸುತ್ತ ಕೂಗಿತು.

ನಂಬಿದವರು ಇಬ್ಬರೇ: ಡಾಕ್ಟರಮ್ಮ ಮತ್ತು ಮ್ಯಾನೇಜರು. ಮ್ಯಾನೇಜರು ಬಸ್ಸುಗಳನ್ನು ನಿಲ್ಲಿಸಿ, ಮಾತ್ರೆ ನುಂಗಿದವರನ್ನೆಲ್ಲ ಮನೆಗೆ ಕಳಿಸಿ, ಸೀಟಿಯಣ್ಣನ ಬೆನ್ನು ತಟ್ಟಿದರು. "ಇಷ್ಟು ಧೈರ್ಯ ನಾನು ನೋಡೇ ಇಲ್ಲ ಕಣಯ್ಯಾ. ನಿನ್ನ ಮಾತ್ರೆ ಸುದ್ದಿ ಬೆಟ್ಟದ ಮೇಲಿನ ಡಿಪೋಗೂ ಮುಟ್ಟಿದೆ. ಅಲ್ಲಿ ದಾರಿ ಹೇಗಿದೆ ಗೊತ್ತಲ್ಲ, ಡ್ರೈವರು ತೂಕಡಿಸಿದ್ರೆ ಬಸ್ಸು ಕಣಿವೆಗೇ. ಈಗಲೇ ಡಾಕ್ಟರಮ್ಮನ ಜೊತೆ ಹೋಗಿ ಈ ಮಾತನ್ನೇ ಅಲ್ಲೂ ಹೇಳು. ಲೀಡರ್ ಒಬ್ಬನೇ ಎಚ್ಚರ ಇದ್ದಾನೆ, ಅವನು ಜೀಪು ಓಡಿಸ್ತಾನೆ."

ಬೆಳಗ್ಗೆ ನುಂಗಿದ ಮಾತ್ರೆ ಊರಿನ ರಸ್ತೆಗೆ ಸಾಕಿತ್ತು, ಬೆಟ್ಟದ ತಿರುವುಗಳಿಗೆ ಸಾಲದು. ಪುಣ್ಯಕ್ಕೆ, ಮನೆಗೆ ಹೊರಟಿದ್ದ ಬ್ರೇಕು ತೂರಾಡುತ್ತ ಬಂದು ಅವನ ಅಂಗೈಯಲ್ಲೊಂದು ಮಾತ್ರೆ ಒತ್ತಿದ. "ನೀನು ಯಾಕೆ ಸುಳ್ಳು ಹೇಳಿದ್ಯೋ ಗೊತ್ತಿಲ್ಲ ಅಣ್ಣಾ. ಇದು ಕೊನೇದು. ಇಟ್ಕೋ."

ಮೊದಲ ತಿರುವು ಬರುವ ಮುನ್ನ ನುಂಗಿದರಾಯಿತು ಎಂದು ಸೀಟಿಯಣ್ಣ ಜೀಪಿನ ಹಿಂದಿನ ಸೀಟಿನಲ್ಲಿ ಕೂತ. ಊರು ದಾಟಿತು. ಬೆಟ್ಟದ ಬುಡದಲ್ಲಿ ಮಾತ್ರೆ ತೆಗೆದು ಬಾಯಿಗೆ ಒಯ್ಯಬೇಕು, ಪಕ್ಕದಲ್ಲಿದ್ದ ಡಾಕ್ಟರಮ್ಮ ಅವನ ತೋಳು ಹಿಡಿದರು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಸೀಟಿಯಣ್ಣ," ಎಂದು ಪಿಸುಗುಟ್ಟಿದರು, "ನಿಮ್ಮ ಹತ್ರ ಇನ್ನೊಂದು ಇದೆಯಾ? ಚಿಕ್ಕಂದಿನಿಂದಲೂ ಬೆಟ್ಟದ ದಾರಿ ನನಗೆ ಆಗಲ್ಲ, ಯಾವಾಗಲೂ ಇದನ್ನ ನುಂಗೇ ಹತ್ತೋದು. ಊರಲ್ಲೆಲ್ಲೂ ಸಿಗ್ಲಿಲ್ಲ. ಅಲ್ಲಿ ಹೋಗಿ ನಾನು ಮಾತಾಡ್ಬೇಕಲ್ಲ..."

ತನ್ನ ನಿಜವನ್ನು ನಂಬಿದ ಇಬ್ಬರಲ್ಲಿ ಒಬ್ಬರು. ಸೀಟಿಯಣ್ಣ ಒಂದು ಕ್ಷಣ ಮಾತ್ರೆಯನ್ನು ನೋಡಿದ, ಒಂದು ಕ್ಷಣ ಬೆಟ್ಟವನ್ನು ನೋಡಿದ. "ತಗೊಳ್ಳಿ ಅಮ್ಮಾ. ನನಗೆ ಅಭ್ಯಾಸ ಇದೆ" ಎಂದ. ಯಾವುದರ ಅಭ್ಯಾಸ ಎಂದು ಹೇಳಲಿಲ್ಲ.

ಡಾಕ್ಟರಮ್ಮ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ನುಂಗಿದರು. ಕನ್ನಡಿಯಲ್ಲಿ ಲೀಡರನ ಕಣ್ಣುಗಳು ಇಷ್ಟಗಲ ಆದವು. ಅವನು ಆಕ್ಸಿಲರೇಟರ್ ತುಳಿದ.

ಬೆಟ್ಟದ ಡಿಪೋದಲ್ಲಿ ಸಿಬ್ಬಂದಿಯೆಲ್ಲ ಅಂಗಳದಲ್ಲಿ ಸೇರಿ ಕಾಯುತ್ತಿದ್ದರು. ಜೀಪು ನಿಂತಿತು. ಡಾಕ್ಟರಮ್ಮ ಮದುವೆಮನೆಗೆ ಬಂದವರಂತೆ ಚುರುಕಾಗಿ ಇಳಿದರು. ಅವರ ಹಿಂದೆ ಸೀಟಿಯಣ್ಣ ಇಳಿದ, ಅಥವಾ ಸುರಿದ. ಮುಖ ಹಸಿರುಗಟ್ಟಿತ್ತು, ಮೈ ಬೆವರಿನಲ್ಲಿ ತೊಯ್ದಿತ್ತು, ಬೆಟ್ಟವೇ ಅವನ ಸುತ್ತ ತಿರುಗುತ್ತಿತ್ತು. "ಆ ಮಾತ್ರೆಯಿಂದ..." ಎಂದು ಶುರುಮಾಡಿದವನು ಮುಂದಿನದನ್ನು ಬಾಯಿಯಿಂದಲೇ ಹೇಳಿದ, ಆದರೆ ಮಾತಿನಲ್ಲಲ್ಲ.

ಜನ ಹೋ ಎಂದು ಹಿಂದೆ ಸರಿದರು. ಲೀಡರ್ ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತ.

"ಕಣ್ಣಾರೆ ನೋಡ್ಕೊಳ್ಳಿ! ದಾರಿಯಲ್ಲಿ ಇವನು ತನ್ನ ಮಾತ್ರೆಯನ್ನ ಡಾಕ್ಟರಮ್ಮನಿಗೆ ಕೊಟ್ಟ. ನುಂಗಿದೋರು ಹೇಗಿದ್ದಾರೆ, ನುಂಗದೋನು ಏನಾದ! ಬೆಳಗ್ಗೆಯಿಂದ ಬೇಡ ಬೇಡ ಅಂದ ಡಾಕ್ಟರೇ ಗುಟ್ಟಾಗಿ ಕೇಳಿ ತಗೊಂಡ್ರು. ಇನ್ನು ಯಾವ ಪರೀಕ್ಷೆ ಬೇಕ್ರಪ್ಪಾ?"

"ಅದು ಹಾಗಲ್ಲ, ನನಗೂ ವಾಂತಿ..." ಎಂದು ಡಾಕ್ಟರಮ್ಮ ಕೂಗಿದರು. ಕೇಳುವವರು ಯಾರು? ಅರ್ಧ ಜನ ಮೆಡಿಕಲ್ ಶಾಪಿನ ಕಡೆ ಓಡಿಯಾಗಿತ್ತು.

ಅಲ್ಲಿನ ಮ್ಯಾನೇಜರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರದಿಂದಲೇ ಸೀಟಿಯಣ್ಣನನ್ನು ನೋಡಿದರು. "ಅನುಮಾನವೇ ಇಲ್ಲ, ಗಿರಗಿರ ಜ್ವರ. ಇಲ್ಲಿ ಒಂದು ನಿಮಿಷವೂ ಇಟ್ಕೊಳ್ಳೋದು ಬೇಡ. ಕೆಳಗಿನ ದೊಡ್ಡಾಸ್ಪತ್ರೆಗೆ ಸಾಗಿಸಿ, ಬೇಗ!"

"ಬೇಡ ಸಾರ್," ಎಂದು ಸೀಟಿಯಣ್ಣ ಅವರ ಕಾಲಿನತ್ತ ಕೈ ಚಾಚಿದ. "ನಡ್ಕೊಂಡು ಇಳೀತೀನಿ ಸಾರ್..."

"ಜ್ವರ ತಲೆಗೇರಿದೆ, ಪಾಪ" ಎಂದರು ಮ್ಯಾನೇಜರು.

ಇಬ್ಬರು ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಲೀಡರ್ ಆಗಲೇ ಜೀಪು ತಿರುಗಿಸಿಕೊಂಡಿದ್ದ. "ಹೆದರಬೇಡ ಸೀಟಿಯಣ್ಣ," ಎಂದ ಅಕ್ಕರೆಯಿಂದ, "ಬಂದದ್ದಕ್ಕಿಂತ ಜೋರಾಗಿ ಇಳಿಸ್ತೀನಿ."