ಮನೆ ಅಳಿಯನ ಸ್ವಯಾರ್ಜಿತ

"ಉಸಿರು ಬಿಡ್ರೀ!"

"ಬಿಟ್ಟಿದೀನಲ್ಲ."

"ಬಿಟ್ಟಿದ್ರೆ ದನಿ ಯಾಕೆ ಹೀಗೆ ಕೀರಲಾಗಿದೆ? ಬಿಡಿ ಅಂದ್ರೆ!"

ಎಯ್‌ಸಾಕು ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂತಿತು. ಮರುದಿನ ಕನಾಜಾವಾ ನಗರಸಭೆಯ ಆರೋಗ್ಯ ತಪಾಸಣೆ. ಗಂಡಸರ ಸೊಂಟ ಎಂಬತ್ತೈದು ಸೆಂಟಿಮೀಟರ್ ಮುಟ್ಟಿ, ಜೊತೆಗೆ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳಲ್ಲಿ ಎರಡು ಕೆಟ್ಟಿದ್ದರೆ 'ಮೆಟಾಬೊ' ಎಂಬ ಬಿರುದು ಖಾಯಂ. ಎಯ್‌ಸಾಕು ಹೋದ ವರ್ಷವೇ ಆ ಬಿರುದು ಪಡೆದಿದ್ದ.

"ತೊಂಬತ್ತೆಂಟು," ಅಂದಳು ಹೆಂಡತಿ ಫುಮಿಯೆ, ಅಳತೆ ಪಟ್ಟಿ ನೋಡಿ.

"ಬಟ್ಟೆ ಮೇಲೆ ಅಳೆದ್ರೆ ಹಾಗೇ ಬರುತ್ತೆ."

"ಬಟ್ಟೆ ಎಲ್ಲಿದೆ? ಬನಿಯನ್ ಎತ್ಕೊಂಡು ನಿಂತಿದೀರಿ. ಡಾಕ್ಟರು ದಿನಾ ನಡೀರಿ ಅಂದಿದ್ರಲ್ಲ, ಏನಾಯ್ತು?"

"ನಡೆದು ಏನು ಪ್ರಯೋಜನ? ಇದು ವಂಶದ್ದು!" ಅವನು ಪೂಜೆಯ ಗೂಡಿನ ಮೇಲಿನ ಪಟಗಳತ್ತ ಕೈ ತೋರಿಸಿದ. "ನೋಡು, ಅಜ್ಜನಿಗೆ ಸಕ್ಕರೆ ಕಾಯಿಲೆ. ಅಪ್ಪ ಪಾರ್ಶ್ವವಾಯು ಹೊಡೆದು ಹೋದ್ರು. ಕುರೊತಾನಿ ಮನೆತನದ ರಕ್ತಾನೇ ಹಾಗೆ. ನಾನೇನು ಮಾಡ್ಲಿ?"

ಫುಮಿಯೆ ನಗು ತಡೆಯಲಾರದೆ ಚಾಪೆಯ ಮೇಲೆ ಕುಸಿದಳು.

"ಯಾರ ಅಪ್ಪ ರೀ ಅದು?"

"ನಮ್ಮ..."

"ನಮ್ಮ ಅಲ್ಲ, ನನ್ನ! ನೀವು ಮನೆ ಅಳಿಯ ಆಗಿ ಬಂದೋರು. ಕುರೊತಾನಿ ಅಂತ ಹೆಸರು ಕೊಟ್ವಿ, ಮಿಠಾಯಿ ಅಂಗಡಿ ಕೊಟ್ವಿ. ರಕ್ತ ಯಾವಾಗ ಕೊಟ್ವಿ?"

ಎಯ್‌ಸಾಕು ಪೆಚ್ಚಾದ. ದಿನಾ ಊದುಬತ್ತಿ ಹಚ್ಚಿ ಕೈಮುಗಿದೂ ಮುಗಿದೂ ಅವರು ತನ್ನ ಹಿರಿಯರಲ್ಲ ಎಂಬುದೇ ಅವನಿಗೆ ಮರೆತುಹೋಗಿತ್ತು.

"ನಿಮ್ಮ ಹೆತ್ತಪ್ಪ ಹೇಗಿದಾರೆ ಹೇಳಿ."

"ಈಗಲೂ ನೋತೋ ಕಡಲಲ್ಲಿ ಮೀನಿನ ಬಲೆ ಎಳೀತಾರೆ. ಕಡ್ಡಿ ಹಾಗಿದಾರೆ."

"ಮತ್ತೆ ಈ ಹೊಟ್ಟೆ?"

"ಹೂರಣದ ಹದ ನೋಡೋದು ಯಜಮಾನನ ಕೆಲಸ ಅಂತ ಮಾವನೋರೇ ಹೇಳಿದ್ರು!"

"ಚಮಚದಲ್ಲಿ ನೋಡು ಅಂದಿದ್ರು. ಸೌಟಲ್ಲಿ ಅಂದಿರ್ಲಿಲ್ಲ."

ಫುಮಿಯೆ ಗೆದ್ದ ಖುಷಿಗೆ ಹೂರಣ ತುಂಬಿದ 'ಮಂಜೂ' ಕಡುಬೊಂದನ್ನು ಎತ್ತಿಕೊಂಡಳು. ಎಯ್‌ಸಾಕು ಮಾವನ ಪಟವನ್ನೂ ಅವಳನ್ನೂ ನೋಡಿದ. ಅದೇ ಮೂಗು, ಅದೇ ಹುಬ್ಬು.

"ಹಾಗಾದ್ರೆ ಆ ರಕ್ತ ಯಾರಲ್ಲಿದೆ, ಫುಮಿಯೆ?"

ಕಡುಬು ಬಾಯಿಯ ಹತ್ತಿರ ನಿಂತಿತು.

"ನಾನು ಸಣ್ಣಗಿದೀನಲ್ರೀ."

"ಸಣ್ಣಗಿರೋರಿಗೂ ಸಕ್ಕರೆ ಬರುತ್ತೆ. ನೀನು ಯಾವತ್ತಾದ್ರೂ ತಪಾಸಣೆಗೆ ಹೋಗಿದೀಯಾ?"

"ಅಂಗಡಿ ಯಾರು ನೋಡ್ಕೋತಾರೆ?"

ಮಾವನೂ ಹೀಗೇ ಅನ್ನುತ್ತಿದ್ದರು. ಹೂರಣ ಕುದಿಯುವ ಹಂಡೆಯ ಮುಂದೆ ಅವರು ಕುಸಿದಾಗ ಹಿಡಿದುಕೊಂಡವನು ಎಯ್‌ಸಾಕುವೇ. ಅವನಿಗೆ ನಿಜವಾಗಿ ಭಯವಾಯಿತು.

"ನಾಳೆ ಅಂಗಡಿ ಮುಚ್ಚೋಣ. ಇಬ್ರೂ ಹೋಗೋಣ. ನೀನು ಬಂದ್ರೆ ನಾನು ಸಿಹಿ ಬಿಡ್ತೀನಿ, ದಿನಾ ನಡೀತೀನಿ. ನಿನ್ನಾಣೆಗೂ."

ಅವನ ದನಿ ಕೇಳಿ ಫುಮಿಯೆ ಕಡುಬನ್ನು ತಟ್ಟೆಯಲ್ಲಿಟ್ಟಳು. ಕಣ್ಣು ಒದ್ದೆಯಾದದ್ದು ಕಾಣಬಾರದೆಂದು ರೇಗಿದಳು.

"ಬರ್ತೀನಿ. ಆದ್ರೆ ಅಲ್ಲಿ ನರ್ಸ್ ಎದುರು ವಂಶ ಗಿಂಶ ಅಂತ ಶುರು ಮಾಡ್ಬೇಡಿ!"

"ಇಲ್ಲ ಮಾರಾಯ್ತಿ," ಎಯ್‌ಸಾಕು ಹೊಟ್ಟೆ ಸವರಿಕೊಂಡ. "ಹೆಸರು ನಿಮ್ಮದು, ಮನೆ ನಿಮ್ಮದು, ಅಂಗಡಿ ನಿಮ್ಮದು. ನನ್ನ ಸ್ವಯಾರ್ಜಿತ ಅಂತ ಇದ್ದದ್ದು ಇದೊಂದೇ. ಅದನ್ನೂ ನಾಳೆಯಿಂದ ಕರಗಿಸ್ತಾ ಬರ್ಬೇಕು!"