ಅಕ್ಕ ಕೇಳಿದ ಇಪ್ಪತ್ತು ನಿಮಿಷ

ಸೀಮಂತದಲ್ಲಿ ಬಸುರಿ ಹುಡುಗಿಗೆ ಬಳೆ ತೊಡಿಸುತ್ತಾ, ಸತ್ತು ನೂರು ವರ್ಷ ದಾಟಿದ ನ್ಯಾಯಾಧೀಶರ ಕಥೆ ಹೇಳಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು. ಅವಳು ನಮ್ಮಕ್ಕ. ಪಾಪ, ಆ ಹುಡುಗಿಯ ಕೈ ಅಕ್ಕನ ಹಿಡಿತದಲ್ಲಿ, ಅರ್ಧ ಡಜನ್ ಬಳೆ ಇನ್ನೂ ಬಾಕಿ. ಓಡುವುದಾದರೂ ಎಲ್ಲಿಗೆ? ಕೊನೆಯ ಬಳೆ ಏರುವಷ್ಟರಲ್ಲಿ ನ್ಯೂಜೆರ್ಸಿಯ ಹಳೆಯ ಮೇಲ್ಮನವಿ ನ್ಯಾಯಾಲಯಕ್ಕೆ ಮೂವರು ನೇಮಕಗೊಂಡು, ತೀರ್ಪು ಕೊಟ್ಟು, ತೀರಿಕೊಂಡೂ ಆಗಿತ್ತು!

ಈ ಹುಚ್ಚು ಹುಟ್ಟಿದ್ದು ಸಿಟ್ಟಿನಿಂದ. ಅಕ್ಕ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ ಮಾಡಿ ನಿವೃತ್ತಳಾದವಳು. ಆಮೇಲೆ ಹುಡುಕಲು ಭಾವನ ತಪ್ಪುಗಳಷ್ಟೇ ಉಳಿದವು. ಭಾವ ಸಾಧು ಮನುಷ್ಯ, ಅವರ ತಪ್ಪು ಒಂದು ವಾರಕ್ಕೂ ಸಾಲಲಿಲ್ಲ. ಆಗ ಅಕ್ಕನಿಗೆ ಜ್ಯೂರಿ ಡ್ಯೂಟಿಗೆ, ಅಂದರೆ ಕೋರ್ಟಿನಲ್ಲಿ ಕೂತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳುವ ನಾಗರಿಕರ ಸರದಿಗೆ, ಕರೆ ಬಂತು. ಮೈಸೂರು ಸಿಲ್ಕ್ ಉಟ್ಟು ಹೋದಳು. ಮಧ್ಯಾಹ್ನದೊಳಗೆ ಥ್ಯಾಂಕ್ಯೂ ಹೇಳಿ ವಾಪಸ್ ಕಳಿಸಿದರು.

"ಪೊಲೀಸರು ಹೇಳೋದನ್ನ ನಂಬ್ತೀರಾ ಅಂತ ಕೇಳಿದ್ರು ಕಣೇ. ಯಾರು ಹೇಳೋದನ್ನೂ ನಂಬಲ್ಲ, ಪರೀಕ್ಷೆ ಮಾಡಿ ನೋಡ್ತೀನಿ ಅಂದೆ. ಅಷ್ಟಕ್ಕೇ ಕಳಿಸಿಬಿಡೋದಾ?" ಎಂದು ಫೋನಿನಲ್ಲಿ ಕೂಗಾಡಿದಳು. ನಾನಿರುವುದು ಸೀಕಾಕಸ್‌ನಲ್ಲಿ, ಅವಳಿದ್ದದ್ದು ವೆಸ್ಟ್ ವಿಂಡ್ಸರ್‌ನಲ್ಲಿ, ನಡುವೆ ಸುಮಾರು ಒಂದು ಗಂಟೆಯ ರೈಲು ದಾರಿ. ಆವತ್ತು ಫೋನ್ ಇಲ್ಲದಿದ್ದರೂ ಕೇಳಿಸುತ್ತಿತ್ತು.

ತನ್ನನ್ನು ಬೇಡವೆಂದ ವ್ಯವಸ್ಥೆಯ ತಪ್ಪು ಹುಡುಕಲೇಬೇಕೆಂದು ರಾಜ್ಯದ ರಾಜಧಾನಿ ಟ್ರೆಂಟನ್ನಿನ ಲೈಬ್ರರಿಗೆ ಹೋದವಳು, ಅದರ ಪ್ರೀತಿಯಲ್ಲಿ ಬಿದ್ದು ಬಂದಳು. ಹಿಂದೆ ಈ ರಾಜ್ಯದ ಅತಿ ಮೇಲಿನ ಮೇಲ್ಮನವಿ ಪೀಠದಲ್ಲಿ ಕಾನೂನು ಓದದವರೂ ನ್ಯಾಯಾಧೀಶರಾಗಿ ಕೂರುತ್ತಿದ್ದರಂತೆ! "ಮರದ ವ್ಯಾಪಾರಿ ಜಡ್ಜ್ ಆಗಬಹುದಿತ್ತು. ನಾನು ಜ್ಯೂರಿಲಿ ಕೂರೋಕೂ ಲಾಯಕ್ಕಿಲ್ವಾ?" ಎಂದು ಕೇಳುತ್ತಿದ್ದಳು. ಕೋಪ ಹಾಗೆಯೇ ಇತ್ತು, ಆದರೆ ಕಣ್ಣಿನಲ್ಲಿ ಹೊಸ ಹೊಳಪು.

ಆ ಪೀಠದ ಇನ್ನೊಂದು ಪದ್ಧತಿ ಅವಳಿಗೆ ವಿಪರೀತ ಹಿಡಿಸಿತು. ಕೆಳಗಿನ ಕೋರ್ಟಿನಲ್ಲಿ ತೀರ್ಪು ಕೊಟ್ಟವರೇ ಮೇಲಿನ ಪೀಠದಲ್ಲೂ ಇದ್ದರೆ, ಅವರು ತಮ್ಮ ತೀರ್ಪಿಗೆ ಕಾರಣ ಹೇಳಬಹುದು, ಮತ ಹಾಕುವಂತಿಲ್ಲ. ಎಷ್ಟು ಒಳ್ಳೆಯ ಪದ್ಧತಿ! ಅದನ್ನು ಅಕ್ಕ ನೇರವಾಗಿ ಮನೆಗೆ ತಂದಳು. ಭಾವ ಚಳಿಗಾಲದಲ್ಲಿ ಹೀಟರನ್ನು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟರು. ಅಕ್ಕ ಮೇಲ್ಮನವಿ ಹಾಕಿದಳು.

"ಕಾರಣ ಹೇಳಿ."

"ಗ್ಯಾಸ್ ಬಿಲ್ಲು."

"ಆಯ್ತು, ಕೇಳಿಸ್ಕೊಂಡೆ. ನೀವಿನ್ನು ವೋಟ್ ಹಾಕೋ ಹಾಗಿಲ್ಲ."

"ಮನೇಲಿ ಇರೋದೇ ಇಬ್ಬರು ಕಣೇ! ನಾನು ಹಾಕದೇ ಇದ್ರೆ ಇನ್ಯಾರು ಹಾಕ್ತಾರೆ?"

"ನಾನು," ಎಂದು ಅಕ್ಕ ಎದ್ದು ಎಪ್ಪತ್ತೆರಡಕ್ಕೆ ತಿರುಗಿಸಿದಳು. ಭಾವ ಸ್ವೆಟರ್ ಬಿಚ್ಚಿ ಮಡಿಸಿಟ್ಟರು.

ಇಲ್ಲಿಯವರೆಗೆ ನಕ್ಕಿರಬಹುದು. ನಾನೂ ನಕ್ಕಿದ್ದೇನೆ. ಇನ್ನು ಮುಂದಿನದನ್ನು ನಗುತ್ತಾ ಹೇಳಲು ನನ್ನಿಂದಾಗುವುದಿಲ್ಲ.

ಅಕ್ಕನಿಗೆ ಬೇಕಿದ್ದದ್ದು ಒಂದೇ. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇಪ್ಪತ್ತು ನಿಮಿಷ. ಈ ನ್ಯಾಯಾಧೀಶರ ಚರಿತ್ರೆಯನ್ನು ಕನ್ನಡದಲ್ಲಿ ಹೇಳಬೇಕು, ಅಷ್ಟೇ. "ಇಲ್ಲೇ ಮನೆ ಮಾಡಿದೀವಿ, ಇಲ್ಲೇ ಟ್ಯಾಕ್ಸ್ ಕಟ್ತೀವಿ, ಇಲ್ಲೇ ಸಾಯ್ತೀವಿ. ನಮಗೆ ನ್ಯಾಯ ಹೇಳೋರು ಯಾರು, ಎಲ್ಲಿಂದ ಬಂದೋರು ಅಂತ ನಮ್ಮ ಭಾಷೇಲಿ ಗೊತ್ತಿರಬಾರದಾ?" ಎಂದಳು. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ!

ಅಧ್ಯಕ್ಷರು ನಗುನಗುತ್ತಲೇ ಬೇಡವೆಂದರು. "ಆಂಟಿ, ಜನ ಎಂಟರ್‌ಟೇನ್‌ಮೆಂಟ್ ಕೇಳ್ತಾರೆ. ಕೋರ್ಟು ಕಚೇರಿ ಅಂದ್ರೆ ಎದ್ದು ಹೋಗ್ತಾರೆ."

"ಹೋಗಲಿ ಬಿಡಪ್ಪ. ಹೋದೋರು ಇಡ್ಲಿ ತಿನ್ನಲಿ. ಕೂತೋರಿಗೆ ಹೇಳ್ತೀನಿ."

"ಸ್ಲಾಟ್ ಎಲ್ಲಾ ಫುಲ್ ಆಂಟಿ."

ಯಾವುದರಿಂದ ಫುಲ್? ದಂಪತಿಗಳ ಫ್ಯಾಷನ್ ಶೋ, ಅರ್ಧ ಗಂಟೆ. ಅಂತ್ಯಾಕ್ಷರಿ, ಮುಕ್ಕಾಲು ಗಂಟೆ. ಪ್ರಾಯೋಜಕರಿಗೆ ಶಾಲು ಹೊದಿಸುವುದು, ಮುಗಿಯುವವರೆಗೆ! ಅಕ್ಕ ಕಾರ್ಯಕಾರಿ ಸಮಿತಿಗೆ ಮೇಲ್ಮನವಿ ಕೊಟ್ಟಳು. ಸಮಿತಿಯ ಸಭೆಯಲ್ಲೂ ಅಧ್ಯಕ್ಷರೇ ಕೂತಿದ್ದರು. "ನೀವು ಕಾರಣ ಹೇಳಬಹುದು, ವೋಟ್ ಹಾಕೋ ಹಾಗಿಲ್ಲ," ಎಂದಳಂತೆ. ಅವರು ಹಾಕಿದರು. ಮಿಕ್ಕವರೂ ಅವರ ಮುಖ ನೋಡಿಕೊಂಡೇ ಕೈ ಎತ್ತಿದರು. ಅಮೆರಿಕಕ್ಕೆ ಬಂದು ಇಷ್ಟು ವರ್ಷವಾಯಿತು, ಅಧ್ಯಕ್ಷರ ಎದುರು ಒಂದು ಕೈ ಕೆಳಗಿಡಲು ನಮ್ಮವರಿಗೆ ಇನ್ನೂ ಬಂದಿಲ್ಲ!

ಪ್ರತಿ ವರ್ಷ ಕೇಳಿದಳು. ಒಂದು ವರ್ಷ ಮಾತ್ರ ಕೊಟ್ಟರು, ಊಟದ ಹೊತ್ತಿನಲ್ಲಿ. ಬಿಸಿಬೇಳೆಬಾತಿನ ಸಾಲು ವೇದಿಕೆಯ ಮುಂದೆಯೇ ಹಾದುಹೋಗುತ್ತಿತ್ತು. ಅಕ್ಕ "ಸಭಿಕರೇ" ಎಂದಳು. ಸ್ವಯಂಸೇವಕರೊಬ್ಬರು ಮೆಲ್ಲಗೆ ಮೈಕ್ ತೆಗೆದುಕೊಂಡು, ಬೂದು ಬಣ್ಣದ ವ್ಯಾನಿನ ದೀಪ ಉರಿಯುತ್ತಿದೆ, ಯಾರದ್ದು ನೋಡಿ ಎಂದರು. ವ್ಯಾನಿನವರು ಸಿಕ್ಕರು. ಮೈಕ್ ಮಾತ್ರ ಅಕ್ಕನ ಕೈಗೆ ವಾಪಸ್ ಬರಲಿಲ್ಲ. ಕಾರಿನಲ್ಲಿ ಕೂತು ನಾನು ಅತ್ತೆ. ಅವಳು ಅಳಲಿಲ್ಲ. "ಕೇಸ್ ವಜಾ ಆಗಿಲ್ಲ ಕಣೇ, ಮುಂದಕ್ಕೆ ಹೋಗಿದೆ," ಎಂದಳು.

ಹೋದ ಚಳಿಗಾಲ ಅಕ್ಕ ಆಸ್ಪತ್ರೆ ಸೇರಿದಳು. ನಾನು ಶನಿವಾರ ಬೆಳಿಗ್ಗೆ ರೈಲು ಹತ್ತಿ ಹೋಗಿ ಭಾನುವಾರದವರೆಗೆ ಪಕ್ಕದಲ್ಲಿ ಕೂರುತ್ತಿದ್ದೆ. ಬರಬರುತ್ತಾ ಮಾತು ಕಡಿಮೆಯಾಯಿತು. ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ನಾನು ಹೆಚ್ಚು ಓದಿದವಳಲ್ಲ, ಏನು ಮಾತಾಡಬೇಕೆಂದು ತಿಳಿಯದೆ ಅವಳ ನ್ಯಾಯಾಧೀಶರ ಕಥೆಯನ್ನೇ ಅವಳಿಗೆ ಹೇಳುತ್ತಿದ್ದೆ. ಒಂದು ದಿನ ಬಾಯಿ ತಪ್ಪಿ, ಪತ್ರಿಕೆಯ ಸಂಪಾದಕರಾಗಿದ್ದ ನ್ಯಾಯಾಧೀಶರ ಜಾಗದಲ್ಲಿ ಗಿರಣಿ ಮಾಲೀಕರನ್ನು ಕೂರಿಸಿದೆ. ತಟ್ಟನೆ ಕಣ್ಣು ತೆರೆಯಿತು.

"ಅವರಲ್ಲ ಕಣೇ. ಗಿರಣಿಯವರು ಬಂದಿದ್ದು ಆಮೇಲೆ."

ಅಂದಿನಿಂದ ನಾನು ಬೇಕೆಂದೇ ತಪ್ಪು ಹೇಳತೊಡಗಿದೆ. ಪ್ರತಿ ಸಲ ಕಣ್ಣು ತೆರೆಯುತ್ತಿತ್ತು. ಹಿಮ ಪೂರ್ತಿ ಕರಗುವ ಮುಂಚೆ ಒಂದು ಭಾನುವಾರ, ತೆರೆಯಲಿಲ್ಲ.

ಈ ನವೆಂಬರಿನಲ್ಲಿ ಅಧ್ಯಕ್ಷರು ಫೋನ್ ಮಾಡಿದರು. "ಆಂಟಿ ಸಂಘಕ್ಕೆ ಬಹಳ ಬೇಕಾದೋರು. ರಾಜ್ಯೋತ್ಸವದಲ್ಲಿ ಅವರಿಗೆ ಎರಡು ನಿಮಿಷ ಮೌನ ಇಟ್ಕೊಂಡಿದೀವಿ. ಕಮಿಟಿ ಪೂರ್ತಿ ಒಪ್ಪಿದೆ. ನೀವು ಸ್ಟೇಜ್ ಮೇಲೆ ಬರಬೇಕು."

ಮಾತಾಡಲು ಇಪ್ಪತ್ತು ನಿಮಿಷ ಕೇಳಿದವಳಿಗೆ ಎರಡು ನಿಮಿಷ ಮೌನ! ಅದೂ ನಮ್ಮಕ್ಕನಿಗೆ! ಅವಳು ಬದುಕಿನಲ್ಲಿ ಎರಡು ನಿಮಿಷ ಸುಮ್ಮನಿದ್ದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಾತ್ರ, ಅಲ್ಲೂ ಕೈಸನ್ನೆ ನಡೆದೇ ಇತ್ತು. ಇದಕ್ಕೆ ಸಮಿತಿ ಪೂರ್ತಿ ಒಪ್ಪಿತಂತೆ. ಒಪ್ಪದೇ ಏನು? ಸತ್ತವರು ಸ್ಲಾಟ್ ಕೇಳುವುದಿಲ್ಲವಲ್ಲ!

ಹೋದೆ. ಅಕ್ಕನ ಫೋಟೋಗೆ ಹಾರ ಹಾಕಿದ್ದರು. ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದರು. ಅಧ್ಯಕ್ಷರು ಕಣ್ಣು ಮುಚ್ಚಿದರು, ಮೈಕ್ ಪಕ್ಕದ ಮೇಜಿನ ಮೇಲಿತ್ತು. ನಾನು ಅದನ್ನು ತೆಗೆದುಕೊಂಡೆ. ನಾಲ್ಕು ಜನರ ಎದುರು ಬಾಯಿಬಿಟ್ಟವಳಲ್ಲ ನಾನು.

"ಹಿಂದೆ ಈ ರಾಜ್ಯದಲ್ಲಿ ಕಾನೂನು ಓದದವರೂ ನ್ಯಾಯಾಧೀಶರಾಗುತ್ತಿದ್ದರು," ಎಂದೆ.

ತಲೆಗಳು ಮೇಲೆದ್ದವು. "ಆಂಟಿ, ಆಂಟಿ," ಎಂದು ಅಧ್ಯಕ್ಷರು ಪಿಸುಗುಟ್ಟಿದರು. ನಾನು ನಿಲ್ಲಿಸಲಿಲ್ಲ. ಮೊದಲು ಕೂತವರು ಯಾರು, ಅವರು ಎಂಥವರು, ಅವರಾದ ಮೇಲೆ ಯಾರು ಎಂದು ಅಕ್ಕ ಹೇಳಿದ್ದ ಹಾಗೆಯೇ ಹೇಳುತ್ತಾ ಹೋದೆ. ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಯಾರೂ ಹೊರಗೆ ಹೋಗಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ಆಸ್ಪತ್ರೆಯ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. ಸಂಪಾದಕರ ಜಾಗದಲ್ಲಿ ಗಿರಣಿ ಮಾಲೀಕರನ್ನು ಕೂರಿಸಿ, ಮಾತು ನಿಲ್ಲಿಸಿ, ಕಾದೆ.

ಅಷ್ಟು ಜನರಲ್ಲಿ ಯಾರೂ ನನ್ನನ್ನು ತಿದ್ದಲಿಲ್ಲ.