ಭಾವನನ್ನು ಆಸ್ಪತ್ರೆಗೆ ಸೇರಿಸಿದ್ದು

ಭಾವ ಕುಡಿದು ಒರಗಿಕೊಂಡಿದ್ದಕ್ಕೆ ಪಕ್ಕದ ಮನೆಯ ಗೇಟು ಕಿತ್ತುಬಂತು. ಬೆಳ್ಳಂಬೆಳಗ್ಗೆ ಗೇಟಿನ ಸಮೇತ ನೆಲದ ಮೇಲೆ ಮಲಗಿದ್ದ ಭಾವ, "ಬನ್ನಿ, ಬಾಗಿಲು ತೆರೆದೇ ಇದೆ" ಎಂದು ಹೋಗಿಬರುವವರನ್ನೆಲ್ಲ ಕರೆಯುತ್ತಿದ್ದ.

ಅಕ್ಕ ಅಳಲಿಲ್ಲ. ನೇರ ತಮ್ಮನ ಟೈಲರ್ ಅಂಗಡಿಗೆ ನುಗ್ಗಿದಳು.

"ಕತ್ತರಿ ಕೆಳಗಿಡು. ಇವತ್ತು ಇವರನ್ನ ಆಸ್ಪತ್ರೆಗೆ ಸೇರಿಸ್ಲೇಬೇಕು. ಇಲ್ಲಾಂದ್ರೆ ನಾನು ಆ ಮನೆಗೆ ಕಾಲಿಡಲ್ಲ."

ಟೈಲರ್‌ಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಅಕ್ಕ ಸೊರಗುತ್ತಿರುವುದು ಅವನ ಟೇಪಿಗೇ ಗೊತ್ತಿತ್ತು. ವರ್ಷ ವರ್ಷ ಅವಳ ಬಟ್ಟೆಯ ಅಳತೆ ಕಿರಿದಾಗುತ್ತ ಬಂದಿತ್ತು. ಅವನು ಭಾವನನ್ನು ಬಟ್ಟೆಯ ಗಂಟಿನಂತೆ ಎತ್ತಿ ಟ್ಯಾಕ್ಸಿಗೆ ತುರುಕಿದ. ಗೇಟಿನ ಯಜಮಾನರಾದ ನಿವೃತ್ತ ಹೆಡ್‌ಮಾಸ್ಟರೂ ಕರೆಯದೆಯೇ ಹತ್ತಿ ಕೂತರು.

"ಕಾಯಿಲೆಯಂತೆ ಕಾಯಿಲೆ! ಹೆಂಡದಂಗಡಿ ಮುಂದೆ ಕ್ಯೂ ನಿಂತು ಯಾರಾದ್ರೂ ಜ್ವರ ತಗೊಂಡು ಬರ್ತಾರೇನ್ರೀ?" ಎಂದರು.

"ಪಾಪ, ಮೇಷ್ಟ್ರಿಗೆ ಗೇಟು ಹೋದ ದುಃಖ," ಎಂದ ಭಾವ.

ಡಾಕ್ಟರು ಭಾವನ ಹೊಟ್ಟೆ ಒತ್ತಿದರು, ಕಣ್ಣು ಬಿಡಿಸಿದರು. "ಇದು ಕಾಯಿಲೆ ಅಲ್ಲ, ಬರೀ ಚಟ. ಮನಸ್ಸು ಮಾಡಿದ್ರೆ ಇವತ್ತೇ ಬಿಡಬಹುದು. ನನ್ನ ಹತ್ರ ಇರೋ ಹಾಸಿಗೆ ರೋಗಿಗಳಿಗೆ. ಗೇಟು ಮುರಿದಿದ್ದಾನಲ್ಲ, ಪೊಲೀಸ್ರಿಗೆ ಕೊಡಿ."

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ಕುರ್ಚಿಯಿಂದ ಏಳಲೂ ಇಲ್ಲ. "ಕುಡಿತ ಕಾಯಿಲೆ ಅಂತ ಗೊತ್ತಿಲ್ವೇನ್ರೀ ನಿಮಗೆ? ರೋಗಿ ಲಾಕಪ್ಪಲ್ಲಿ ಸತ್ರೆ ನನ್ನ ಕೆಲಸ ಹೋಗತ್ತೆ. ಆಸ್ಪತ್ರೆಗೆ ಹಾಕಿ."

"ಅಲ್ಲಿಂದಾನೇ ಬಂದಿದ್ದು!" ಎಂದು ಟೈಲರ್ ತನ್ನ ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಬಡಿದ. ಚೀಲದೊಳಗೆ ಏನೋ ಫಳ್ ಎಂದಿತು. ಟ್ಯಾಕ್ಸಿಯಲ್ಲಿ ಭಾವ ಅದರೊಳಗೆ ಬಚ್ಚಿಟ್ಟಿದ್ದ ಸೀಸೆ! ಟೈಲರ್‌ನ ಅಂಗಿ, ಪ್ಯಾಂಟು ಎಲ್ಲ ತೊಯ್ದುಹೋದವು.

"ಅಯ್ಯೋ, ತುಂಬಿತ್ತಲ್ಲೋ!" ಎಂದು ಭಾವ ಕರುಳು ಕಿವುಚುವಂತೆ ನರಳಿದ.

ಮತ್ತೆ ಆಸ್ಪತ್ರೆ. ಡಾಕ್ಟರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಒಂದು ನಿದ್ದೆ ತೆಗೆದ ಭಾವ, ನಲ್ಲಿಯಲ್ಲಿ ಮುಖ ತೊಳೆದು, ತಲೆ ಬಾಚಿಕೊಂಡು, ಮದುವೆಗೆ ಬಂದವನಂತೆ ಕೂತ. ಅಷ್ಟರಲ್ಲಿ ಹೆಡ್‌ಮಾಸ್ಟರು ಸಾಲಿನಲ್ಲಿದ್ದವರನ್ನೆಲ್ಲ ವಾದಕ್ಕೆ ಎಳೆದಿದ್ದರು. ಕಾಲು ಮುರಿದವನೊಬ್ಬ "ಕಾಯಿಲೆ" ಎಂದ. ಕೆಮ್ಮುತ್ತಿದ್ದ ಅಜ್ಜಿ "ಕೊಬ್ಬು" ಎಂದಳು. ಕಾಂಪೌಂಡರ್ ಎರಡೂ ಕಡೆ ಸೇರಿಕೊಂಡ.

ಟೈಲರ್ ತಡೆದುಕೊಂಡ, ತಡೆದುಕೊಂಡ, ಆಮೇಲೆ ಆಗಲಿಲ್ಲ. ಸ್ಟೂಲನ್ನು ಒದ್ದ. ಔಷಧಿ ತಟ್ಟೆ ಹಾರಿಹೋಯಿತು.

"ಕಾಯಿಲೆಯೋ ಕೊಬ್ಬೋ, ಏನಾದ್ರೂ ಒಂದು ಹೇಳಿ ಸಾಯ್ರಿ! ಅಲ್ಲಿ ನಮ್ಮಕ್ಕ ಸಾಯ್ತಾ ಇದ್ದಾಳೆ! ಅವಳ ಬಗ್ಗೆ ಒಬ್ಬರಾದ್ರೂ ಕೇಳಿದ್ರೇನ್ರೋ?"

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವರಿಗೆ ಕಂಡದ್ದು ಟೈಲರ್‌ನ ಕೆಂಡದಂಥ ಕಣ್ಣು, ನಡುಗುವ ಕೈ, ಅಂಗಿಯಿಂದ ಮೂಗಿಗೆ ರಾಚುವ ವಾಸನೆ.

"ಹಿಡ್ಕೊಳ್ರೋ ಇವನನ್ನ! ಬೆಳಗ್ಗೆನೇ ಅನುಮಾನ ಇತ್ತು ನನಗೆ. ತನ್ನದನ್ನ ಮುಚ್ಚಿಕೊಳ್ಳೋಕೆ ಭಾವನ್ನ ಮುಂದೆ ಮಾಡಿದಾನೆ. ಇದು ನೋಡಿ, ಇದು ಕಾಯಿಲೆ!"

"ಗೇಟು ಮುರಿದೋನು ಇವನಲ್ಲ ಡಾಕ್ಟ್ರೇ," ಎಂದರು ಹೆಡ್‌ಮಾಸ್ಟರು, "ಆದ್ರೂ ನಾಲ್ಕು ದಿನ ಒಳಗಿದ್ರೆ ಒಳ್ಳೇದೇ."

"ಇವನ ಕಡೆಯವರು ಯಾರು?"

ಭಾವ ಎದ್ದು ನಿಂತ. "ನಾನು ಸಾರ್. ಬೈಬೇಡಿ ಅವನನ್ನ. ಬೇಕು ಅಂತ ಮಾಡ್ತಾನಾ, ಪಾಪ? ಕಾಯಿಲೆ ಸಾರ್."

ಸಂಜೆ ಅಕ್ಕ ಬಂದಳು. ಕೈಕಾಲು ಕಟ್ಟಿಸಿಕೊಂಡು ಮಲಗಿದ್ದ ಟೈಲರ್‌ಗೆ ಹೋದ ಜೀವ ಬಂದಂತಾಯಿತು. "ಅಕ್ಕಾ, ಹೇಳು ಇವರಿಗೆ, ನಿಜ ಹೇಳು!"

ಅಕ್ಕ ಗಂಡನ ಕಡೆ ನೋಡಿದಳು. ಹಾಸಿಗೆಯ ಪಕ್ಕದಲ್ಲಿ ಕೂತ ಭಾವ ಒದ್ದೆ ಬಟ್ಟೆ ಹಿಂಡಿ ಭಾವಮೈದುನನ ಹಣೆಗೆ ಇಡುತ್ತಿದ್ದ. ಭಾವನ ಕೈ ಈಗ ನಡುಗುತ್ತಿತ್ತು, ಹಣೆ ಬೆವರುತ್ತಿತ್ತು. ಆದರೂ ಅವನು ಜಾಗ ಬಿಟ್ಟು ಎದ್ದಿರಲಿಲ್ಲ.

ಅವಳು ತಮ್ಮನ ಕಿವಿಯ ಬಳಿ ಬಾಗಿದಳು.

"ಬೆಳಗ್ಗೆಯಿಂದ ಇವರು ಸೀಸೆ ಮುಟ್ಟಿಲ್ಲವಂತೆ ಕಣೋ. ನಿನ್ನ ನೋಡ್ಕೊಳ್ಳೋರು ಯಾರೂ ಇಲ್ಲ, ಅದಕ್ಕೆ ಹೊರಗೆ ಹೋಗಕ್ಕಾಗಲ್ಲವಂತೆ."

"ಅದಕ್ಕೆ ನಾನೇನು ಮಾಡ್ಲಿ?" ಟೈಲರ್ ಹಲ್ಲು ಕಡಿದ.

ಅಕ್ಕ ಕಣ್ಣೊರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು.

"ತುಂಬ ಹಳೇ ಕಾಯಿಲೆ ಡಾಕ್ಟ್ರೇ. ಬೇಗ ಬಿಡಬೇಡಿ."